ತಮ್ಮನ ಕೋಶಗಳು, ಎರಡನೇ ಸಲ

2023ರ ಮಾರ್ಚ್‌ನಲ್ಲಿ ಬಂದ ರಕ್ತದ ರಿಪೋರ್ಟಿನಲ್ಲಿ ನಾನು ನೋಡಬೇಕಿದ್ದದ್ದು ಒಂದೇ ಸಂಖ್ಯೆ. ಅಲ್ಲಿ 82 ಅಂತ ಇತ್ತು. ಅದಕ್ಕೆ ಮುಂಚೆ ಪ್ರತಿ ಸಲವೂ 100 ಇರುತ್ತಿತ್ತು.

ನನಗೆ ಎಎಂಎಲ್ ಅನ್ನುವ ರಕ್ತದ ಕ್ಯಾನ್ಸರ್ ಇದೆ ಅಂತ ಗೊತ್ತಾದದ್ದು 2021ರ ಜೂನ್‌ನಲ್ಲಿ. ಕೀಮೊ ಆಯಿತು. 2022ರ ಜನವರಿಯಲ್ಲಿ ಬೆಂಗಳೂರಿನಲ್ಲಿ ಸ್ಟೆಮ್ ಸೆಲ್ ಟ್ರಾನ್ಸ್‌ಪ್ಲಾಂಟ್, ಅಂದರೆ ದಾನಿಯ ರಕ್ತ ಮಾಡುವ ಮೂಲ ಕೋಶಗಳನ್ನು ಹಾಕುವುದು, ಆಯಿತು. ಕೊಟ್ಟವನು ನನ್ನ ಬೆನ್ನಿಗೆ ಬಿದ್ದ ತಮ್ಮ. ಒಡಹುಟ್ಟಿದವರಲ್ಲಿ ಒಬ್ಬೊಬ್ಬರದೂ ಎಚ್‌ಎಲ್‌ಎ ಅನ್ನುವ ಕೋಶದ ಗುರುತು ಪೂರ್ತಿ ಹೊಂದುವ ಸಾಧ್ಯತೆ ನಾಲ್ಕರಲ್ಲಿ ಒಂದು ಅಷ್ಟೇ. ಅಕ್ಕನದು ಅರ್ಧ ಹೊಂದಿತು. ತಮ್ಮನದು ಪೂರ್ತಿ ಹೊಂದಿತು.

ಆಮೇಲೆ ನನ್ನ ಮೂಳೆಯೊಳಗೆ ರಕ್ತ ಮಾಡುತ್ತಿದ್ದದ್ದು ಅವನ ಕೋಶಗಳು. ನಾನು ಹುಟ್ಟಿದಾಗಿನಿಂದ ಎ ಪಾಸಿಟಿವ್. ಕೆಲವು ತಿಂಗಳಲ್ಲಿ ಅವನ ಹಾಗೆ ಓ ಪಾಸಿಟಿವ್ ಆದೆ. ರಕ್ತದ ಕ್ರೋಮೋಸೋಮ್ ನೋಡಿದರೆ ಎಕ್ಸ್ ವೈ, ಗಂಡಸಿನದು. ಪಿಯುಸಿ ಓದುತ್ತಿದ್ದ ಮಗಳು ಆ ಹಾಳೆಯನ್ನು ತುಂಬಾ ಹೊತ್ತು ಹಿಡಿದುಕೊಂಡು ಕೂತಿದ್ದಳು. "ಮಾವ ನಿನ್ನೊಳಗೇ ಇದಾನಲ್ಲಮ್ಮ" ಅಂದಳು.

ರಕ್ತದಲ್ಲಿ ನೂರಕ್ಕೆ ಎಷ್ಟು ಪಾಲು ದಾನಿಯದು ಅಂತ ಹೇಳುವ ಪರೀಕ್ಷೆಗೆ ಕೈಮೆರಿಸಂ ಅಂತ ಹೆಸರು. 100 ಅಂದರೆ ಎಲ್ಲಾ ತಮ್ಮನದೇ. 82 ಅಂದರೆ ನನ್ನ ಹಳೆಯ ಕೋಶಗಳು ಮತ್ತೆ ಚಿಗುರಿವೆ. ಕಾಯಿಲೆ ಇದ್ದದ್ದು ಆ ಹಳೆಯದರಲ್ಲೇ. ಬೋನ್ ಮ್ಯಾರೋ ಪರೀಕ್ಷೆ ಮಾಡಿದಾಗ ಎಂಆರ್‌ಡಿ ಕೂಡ ಪಾಸಿಟಿವ್ ಬಂತು. ಮೈಕ್ರೋಸ್ಕೋಪಿನಲ್ಲಿ ಕಾಣದಷ್ಟು ಸಣ್ಣ ಪ್ರಮಾಣದಲ್ಲಿ ಕ್ಯಾನ್ಸರ್ ತಿರುಗಿ ಬಂದಿತ್ತು. ನನಗೆ ಆಗ ಯಾವ ನೋವೂ ಇರಲಿಲ್ಲ. ಹಿಂದಿನ ದಿನ ಅರಸೀಕೆರೆಯ ಮನೆಯಲ್ಲಿ ಹಪ್ಪಳ ಒತ್ತಿ ಬಂದಿದ್ದೆ.

ಮತ್ತೊಂದು ಟ್ರಾನ್ಸ್‌ಪ್ಲಾಂಟ್ ಮಾಡುತ್ತಾರೆ ಅಂದುಕೊಂಡೆ. ಆ ಕೋಣೆ, ಆ ಬಾಯಿಹುಣ್ಣು, ಗಾಜಿನ ಆಚೆ ನಿಂತ ಮಗಳು, ಎಲ್ಲಾ ಕಣ್ಣ ಮುಂದೆ ಬಂತು. ನಮ್ಮ ಡಾಕ್ಟರು ಬೇರೆ ಮಾತು ಹೇಳಿದರು. "ನೋಡಮ್ಮ, ಟ್ರಾನ್ಸ್‌ಪ್ಲಾಂಟ್‌ನಲ್ಲಿ ಕ್ಯಾನ್ಸರ್ ಕೊಲ್ಲೋದು ಬರೀ ಕೀಮೊ ಅಲ್ಲ. ತಮ್ಮನ ರಕ್ತದ ಕಾವಲು ಕೋಶಗಳೂ ಕೊಲ್ಲುತ್ತವೆ. ಈಗ ಆ ಕಾವಲಿನವರು ಕಳ್ಳನನ್ನೂ ಮನೆಯವನು ಅಂದುಕೊಂಡು ಸುಮ್ನೆ ಕೂತಿದಾರೆ. ಇನ್ನೊಂದಿಷ್ಟು ಹೊಸ ಕಾವಲಿನವರನ್ನ ಕಳಿಸೋಣ."

ಇದರ ಹೆಸರು ಡೋನರ್ ಲಿಂಫೋಸೈಟ್ ಇನ್‌ಫ್ಯೂಷನ್. ಆಸ್ಪತ್ರೆಯಲ್ಲಿ ಎಲ್ಲರೂ ಡಿಎಲ್‌ಐ ಅಂತಾರೆ. ದಾನಿಯ ರಕ್ತದಿಂದ ಲಿಂಫೋಸೈಟ್ ಅನ್ನುವ ಬಿಳಿ ಕೋಶಗಳನ್ನು ತೆಗೆದು ನಮಗೆ ಹಾಕುವುದು. ಅದರಲ್ಲಿ ಮುಖ್ಯ ಟಿ ಸೆಲ್, ಡಾಕ್ಟರು ಹೇಳಿದ ಕಾವಲು ಕೋಶ. ಜರ್ಮನಿಯ ಮ್ಯೂನಿಕ್‌ನ ಹಾನ್ಸ್ ಯೋಖೆಮ್ ಕೋಲ್ಬ್ ಅನ್ನುವ ವೈದ್ಯರ ತಂಡ 1990ರಲ್ಲಿ ಇದರ ಬಗ್ಗೆ ಮೊದಲು ಬರೆಯಿತು. ಟ್ರಾನ್ಸ್‌ಪ್ಲಾಂಟ್ ಆದ ಮೇಲೆ ಸಿಎಂಎಲ್ ಅನ್ನುವ ಇನ್ನೊಂದು ಬಗೆಯ ರಕ್ತದ ಕ್ಯಾನ್ಸರ್ ಮರಳಿ ಬಂದಿದ್ದ ಮೂವರಿಗೆ ಅವರವರ ದಾನಿಗಳ ಬಿಳಿ ಕೋಶ ಕೊಟ್ಟರು. ಮೂವರಲ್ಲೂ ಕಾಯಿಲೆ ಹಿಂದೆ ಸರಿಯಿತು. ಸಿಎಂಎಲ್‌ನಲ್ಲಿ ಇದು ಚೆನ್ನಾಗಿ ಕೆಲಸ ಮಾಡುತ್ತದೆ, ನನ್ನಂಥ ಎಎಂಎಲ್‌ನಲ್ಲಿ ಅಷ್ಟು ಭರವಸೆ ಕೊಡೋಕೆ ಆಗಲ್ಲ ಅಂತ ಡಾಕ್ಟರು ನೇರವಾಗಿ ಹೇಳಿದರು. ಕ್ಯಾನ್ಸರ್ ಕಮ್ಮಿ ಇರುವಾಗಲೇ ಕೊಟ್ಟರೆ ಅನುಕೂಲ ಜಾಸ್ತಿ. ಅದಕ್ಕೇ ಆ 82 ಬೇಗ ಸಿಕ್ಕಿದ್ದು ಒಳ್ಳೆಯದಾಯಿತು.

ಮೊದಲು ಕಾಯಿಲೆಯನ್ನು ಒಂದು ಮಟ್ಟಕ್ಕೆ ತಗ್ಗಿಸಬೇಕಿತ್ತು. ಅಜಾಸಿಟಿಡಿನ್ ಇಂಜೆಕ್ಷನ್ 7 ದಿನ ಹೊಟ್ಟೆಯ ಚರ್ಮಕ್ಕೆ, ಜೊತೆಗೆ ವೆನೆಟೋಕ್ಲಾಕ್ಸ್ ಮಾತ್ರೆ. ಹೀಗೆ ಎರಡು ಸುತ್ತು. ರಕ್ತದ ಕೌಂಟ್ಸ್ ಬಿತ್ತು, ಎರಡು ಸಲ ಪ್ಲೇಟ್‌ಲೆಟ್ ಹಾಕಿಸಿಕೊಂಡೆ. ಖರ್ಚು ತುಂಬಾ ಆದದ್ದು ಈ ಹಂತದಲ್ಲೇ. ಡಿಎಲ್‌ಐಗೆ ಅದರ ಮುಂದೆ ಕಮ್ಮಿ. ಸೈಕ್ಲೋಸ್ಪೋರಿನ್ ಹಿಂದಿನ ವರ್ಷವೇ ನಿಲ್ಲಿಸಿದ್ದರು. ಅದು ದಾನಿಯ ಕೋಶಗಳನ್ನು ಅದುಮಿ ಇಡುವ ಮಾತ್ರೆ. ಇನ್ನೂ ತೆಗೆದುಕೊಳ್ಳುತ್ತಿರುವವರಿಗೆ ಮೊದಲು ಅದನ್ನು ಇಳಿಸಿ, ನಿಲ್ಲಿಸಿ, ಕೆಲವು ವಾರ ಕಾದು ನೋಡುತ್ತಾರೆ. ಕೆಲವೊಮ್ಮೆ ಅಷ್ಟರಿಂದಲೇ ಕೋಶಗಳು ಎಚ್ಚೆತ್ತುಕೊಳ್ಳುತ್ತವೆ.

ತಮ್ಮನಿಗೆ ಫೋನ್ ಮಾಡುವುದೇ ನನಗೆ ಕಷ್ಟವಾಗಿತ್ತು. ಮೊದಲ ಸಲ ಮೂಳೆಯ ಕೋಶಗಳನ್ನು ರಕ್ತಕ್ಕೆ ತರಲು ಅವನಿಗೆ ಐದು ದಿನ ಇಂಜೆಕ್ಷನ್ ಕೊಟ್ಟಿದ್ದರು. ಸೊಂಟ, ಬೆನ್ನು ನೋವಿನಲ್ಲಿ ರಾತ್ರಿ ನಿದ್ದೆ ಇರಲಿಲ್ಲ ಅಂತ ಅವನ ಹೆಂಡತಿ ಆಮೇಲೆ ಹೇಳಿದ್ದಳು. ಮತ್ತೆ ಕೇಳುವುದು ಹೇಗೆ? "ಪುಟ್ಟಾ, ಇನ್ನೊಂದ್ ಸಲ ಬೇಕಂತೆ ಕಣೋ" ಅಂದೆ. "ಯಾವತ್ತು ಬರ್ಲಿ ಅಕ್ಕ?" ಅಂದ. ಅಷ್ಟೇ ಮಾತಾಡಿದ್ದು. ಫೋನ್ ಇಟ್ಟು ಅಡುಗೆಮನೆಯಲ್ಲಿ ಅತ್ತುಬಿಟ್ಟೆ.

ಈ ಸಲ ಅವನಿಗೆ ಇಂಜೆಕ್ಷನ್ ಬೇಕಾಗಲಿಲ್ಲ. ಲಿಂಫೋಸೈಟ್ ಯಾವಾಗಲೂ ರಕ್ತದಲ್ಲೇ ಓಡಾಡಿಕೊಂಡಿರುತ್ತದೆ, ಮೂಳೆಯಿಂದ ಹೊರಗೆ ತಳ್ಳಬೇಕಾಗಿಲ್ಲ. ಎಚ್‌ಐವಿ, ಕಾಮಾಲೆ ಪರೀಕ್ಷೆಗಳನ್ನು ಮಾತ್ರ ಹೊಸದಾಗಿ ಮಾಡಿದರು. ಜೂನ್ ಎರಡನೇ ವಾರ ಬ್ಲಡ್ ಬ್ಯಾಂಕಿನ ಮಂಚದ ಮೇಲೆ ಮಲಗಿದ. ಒಂದು ಕೈಯಿಂದ ರಕ್ತ ಯಂತ್ರಕ್ಕೆ ಹೋಗುತ್ತದೆ. ಯಂತ್ರ ಅದನ್ನು ಗಿರ‍್ರನೆ ತಿರುಗಿಸುತ್ತದೆ. ಮಜ್ಜಿಗೆ ಕಡೆದಾಗ ಬೆಣ್ಣೆ ಬೇರೆ ಬರುವ ಹಾಗೆ ಬಿಳಿ ಕೋಶದ ಪದರ ಬೇರೆ ಆಗುತ್ತದೆ. ಉಳಿದ ರಕ್ತ ಇನ್ನೊಂದು ಕೈಗೆ ವಾಪಸ್. ಮೂರು ಗಂಟೆ ಹಿಡಿಯಿತು. ಮಧ್ಯದಲ್ಲಿ ತುಟಿ ಜುಮ್ ಅನ್ನುತ್ತಿದೆ ಅಂದ. ರಕ್ತ ಹೆಪ್ಪುಗಟ್ಟದಿರಲಿ ಅಂತ ಸೇರಿಸುವ ಸಿಟ್ರೇಟ್ ಮೈಯ ಕ್ಯಾಲ್ಸಿಯಂ ಹಿಡಿದುಕೊಳ್ಳುತ್ತದಂತೆ. ಕ್ಯಾಲ್ಸಿಯಂ ಕೊಟ್ಟ ಮೇಲೆ ಸರಿಹೋಯಿತು. ಸಂಜೆ ಹೋಟೆಲಿನಲ್ಲಿ ದೋಸೆ ತಿಂದು, ಮಾರನೆಯ ದಿನ ಊರಿಗೆ ಹೋಗಿ ತೋಟದ ಕೆಲಸಕ್ಕೆ ಇಳಿದ. ದಾನಿಯಾಗಲು ಹೆದರುವವರು ಇದನ್ನು ತಿಳಿದಿರಲಿ ಅಂತ ಇಷ್ಟು ಬಿಡಿಸಿ ಬರೆದಿದ್ದೇನೆ.

ತೆಗೆದದ್ದನ್ನು ಒಂದೇ ಸಲಕ್ಕೆ ಹಾಕುವುದಿಲ್ಲ. ಮೂರು ಪಾಲು ಮಾಡಿದರು. ಮೊದಲ ಪಾಲು ತಾಜಾ, ಉಳಿದ ಎರಡು ಫ್ರೀಜರಿಗೆ. ನನ್ನ ತೂಕ ಆಗ 52 ಕೆ.ಜಿ. ಮೊದಲ ಡೋಸ್ ಕೆ.ಜಿ.ಗೆ 10 ಲಕ್ಷ ಟಿ ಸೆಲ್. ಅಂದರೆ 5 ಕೋಟಿ 20 ಲಕ್ಷ ಕೋಶ. ಎರಡನೆಯದು ಕೆ.ಜಿ.ಗೆ 50 ಲಕ್ಷ. ಮೂರನೆಯದು 1 ಕೋಟಿ. ಯಾಕೆ ಹೀಗೆ ಮೆಟ್ಟಿಲು ಮೆಟ್ಟಿಲಾಗಿ? ಹೊಸ ಕಾವಲಿನವರು ಕ್ಯಾನ್ಸರನ್ನು ಹಿಡಿಯುವ ಹಾಗೆಯೇ ನನ್ನ ಚರ್ಮ, ಕರುಳು, ಲಿವರನ್ನೂ ಪರಕೀಯ ಅಂತ ಹೊಡೆಯಬಹುದು. ಅದೇ ಜಿವಿಎಚ್‌ಡಿ. ಒಮ್ಮೆಗೇ ಜಾಸ್ತಿ ಕೊಟ್ಟರೆ ಅದು ಜೀವಕ್ಕೇ ಅಪಾಯ ತರಬಹುದು. ಅರ್ಧ ಹೊಂದಿದ ದಾನಿಯಾದರೆ ಇನ್ನೂ ಕಮ್ಮಿಯಿಂದ ಶುರು ಮಾಡುತ್ತಾರೆ.

ಡಿಎಲ್‌ಐ ದಿನ ಡೇ ಕೇರ್‌ನಲ್ಲಿ ಕೂರಿಸಿದರು. ಪ್ಯಾರಾಸಿಟಮಾಲ್, ಅಲರ್ಜಿ ಆಗದಿರಲಿ ಅಂತ ಒಂದು ಏವಿಲ್ ಇಂಜೆಕ್ಷನ್. ರಕ್ತ ಹಾಕುವ ಮುಂಚೆ ಕೆಲವು ಸಲ ಕೊಡುವ ಸ್ಟೀರಾಯ್ಡ್ ಇವತ್ತು ಇಲ್ಲ, ಅದು ಬರುವ ಕೋಶಗಳನ್ನೇ ಮಂಕು ಮಾಡುತ್ತದೆ. ಹಿರಿಯ ಸಿಸ್ಟರ್ ಒಬ್ಬರು ಚೀಲದ ಮೇಲಿನ ಚೀಟಿಯನ್ನು ಗಟ್ಟಿಯಾಗಿ ಓದಿದರು. "ರೇಡಿಯೇಷನ್ ಕೊಡಬಾರದು, ಫಿಲ್ಟರ್ ಹಾಕಬಾರದು." ನನಗೆ ಆಶ್ಚರ್ಯ ಆಯಿತು. ನಮ್ಮಂಥವರಿಗೆ ಯಾವಾಗ ರಕ್ತ ಹಾಕಿದರೂ ಈ ಎರಡನ್ನೂ ತಪ್ಪಿಸುವ ಹಾಗಿಲ್ಲ. ರೇಡಿಯೇಷನ್ ಅಪರಿಚಿತರ ಲಿಂಫೋಸೈಟ್ ನಮ್ಮೊಳಗೆ ಬೇರು ಬಿಡದಿರಲಿ ಅಂತ, ಫಿಲ್ಟರ್ ಅವರ ಬಿಳಿ ಕೋಶಗಳನ್ನು ಸೋಸಿ ತೆಗೆಯಲು. ಇವತ್ತು ಬೇಕಾಗಿರುವುದೇ ಲಿಂಫೋಸೈಟ್. ಯಾರೋ ಅಭ್ಯಾಸ ಬಲದಿಂದ ಫಿಲ್ಟರ್ ಸೇರಿಸಿಬಿಟ್ಟರೆ ತಮ್ಮನ ಶ್ರಮವೆಲ್ಲಾ ಆ ಜರಡಿಯಲ್ಲೇ ಉಳಿಯುತ್ತದೆ. ಇಬ್ಬರು ಸಿಸ್ಟರುಗಳು ನನ್ನ ಹೆಸರು, ನಂಬರು, ಚೀಟಿ ಮೂರನ್ನೂ ತಾಳೆ ನೋಡಿದರು.

ಚೀಲ ಅಂಗೈಗಿಂತ ಚಿಕ್ಕದು. ತಿಳಿ ಗುಲಾಬಿ ಬಣ್ಣ. ಇಪ್ಪತ್ತು ನಿಮಿಷದಲ್ಲಿ ಮುಗಿಯಿತು. ಜ್ವರ ಇಲ್ಲ, ಚಳಿ ಇಲ್ಲ. ನಾಲ್ಕು ಗಂಟೆ ಬಿಟ್ಟು ಮನೆಗೆ ಕಳಿಸಿದರು. ನಮ್ಮ ಯಜಮಾನರು ಕಾರಿನಲ್ಲಿ ಮೂರು ಸಲ ಕೇಳಿದರು, "ಇಷ್ಟೇನಾ?"

ಅಲ್ಲಿಂದ ಶುರುವಾದದ್ದು ಕಾಯುವುದು. ಡಿಎಲ್‌ಐ ಬಗ್ಗೆ ಕೇಳುವವರಿಗೆ ನಾನು ಮೊದಲು ಹೇಳುವುದು ಇದನ್ನೇ. ಆ ಇಪ್ಪತ್ತು ನಿಮಿಷ ಲೆಕ್ಕಕ್ಕೇ ಇಲ್ಲ. ಮುಂದಿನ ಮೂರು ನಾಲ್ಕು ತಿಂಗಳು ನಮ್ಮ ಮೈಯನ್ನು ನಾವೇ ಓದಬೇಕು. ಬೆಳಿಗ್ಗೆ ಎದ್ದ ಕೂಡಲೇ ಅಂಗೈ, ಅಂಗಾಲು, ಕಿವಿಯ ಹಿಂದೆ ನೋಡಬೇಕು. ಅಲ್ಲೇ ಮೊದಲು ಕೆಂಪಾಗುವುದು. ಬಾಯೊಳಗೆ ಟಾರ್ಚ್ ಬಿಟ್ಟು ನೋಡಬೇಕು. ಕಣ್ಣು ಹಳದಿ ಇದೆಯಾ ನೋಡಬೇಕು. ಭೇದಿ ಆದರೆ ಎಷ್ಟು ಸಲ ಅಂತ ಮಾತ್ರ ಅಲ್ಲ, ಎಷ್ಟು ಅಂತ ಅಳೆಯಬೇಕು. ಆಸ್ಪತ್ರೆಯ ಟ್ರಾನ್ಸ್‌ಪ್ಲಾಂಟ್ ಕೋಆರ್ಡಿನೇಟರ್ ಅದಕ್ಕೆಂದೇ ಗೆರೆ ಇರುವ ಮಗ್ ಇಟ್ಟುಕೊಳ್ಳಿ ಅಂದಿದ್ದರು. ಹೇಳಿಕೊಳ್ಳಲು ಸಂಕೋಚದ ವಿಷಯ, ಆದರೆ ಕರುಳಿನ ಜಿವಿಎಚ್‌ಡಿ ಎಷ್ಟು ಜೋರಾಗಿದೆ ಅಂತ ಅವರು ತೀರ್ಮಾನಿಸುವುದು ಆ ಅಳತೆಯಿಂದಲೇ. ಒಂದು ನೋಟ್‌ಬುಕ್ಕಿನಲ್ಲಿ ಎಲ್ಲಾ ಬರೆದಿಟ್ಟೆ.

ಇಲ್ಲಿ ಮನಸ್ಸಿಗೆ ಒಂದು ಕಷ್ಟ ಇದೆ. ಏನೂ ಆಗದಿದ್ದರೆ ಹೆದರಿಕೆ. ಏನಾದರೂ ಆದರೂ ಹೆದರಿಕೆ. ಸ್ವಲ್ಪ ಜಿವಿಎಚ್‌ಡಿ ಬಂದರೆ ಕಾವಲಿನವರು ಎದ್ದಿದ್ದಾರೆ ಅಂತ ಅರ್ಥ. ಜೋರಾಗಿ ಬಂದರೆ ಕೈಮೀರಿತು ಅಂತ ಅರ್ಥ. ದೇವರ ಮುಂದೆ ನಿಂತು ಏನು ಕೇಳಿಕೊಳ್ಳಬೇಕು ಅಂತ ಗೊತ್ತಾಗುತ್ತಿರಲಿಲ್ಲ. ಕೊನೆಗೆ "ಸ್ವಲ್ಪ ಬರಲಿ" ಅಂತ ಕೇಳಿಕೊಂಡೆ.

ಜುಲೈ ಕೊನೆಯವರೆಗೂ ಏನೂ ಬರಲಿಲ್ಲ. ಕೈಮೆರಿಸಂ 93 ಆಗಿತ್ತು. ಏರಿದ್ದು ನಿಜ, ಸಾಲದು. ಎರಡನೇ ಡೋಸ್ ಆಗಸ್ಟ್ 18ಕ್ಕೆ ನಿಗದಿಯಾಯಿತು. ಫ್ರೀಜರಿನ ಚೀಲವಾದ್ದರಿಂದ ತಮ್ಮ ಬರಬೇಕಾಗಿರಲಿಲ್ಲ. ಬಂದ. ಆ ವರ್ಷ ಅಧಿಕ ಶ್ರಾವಣ ಬಂದು ನಾಗರಪಂಚಮಿ ಆಗಸ್ಟ್ 21ಕ್ಕೆ ಬಿದ್ದಿತ್ತು. "ಹೆಂಗೂ ಹಬ್ಬ ಅಲ್ವಾ" ಅಂದ.

ಹೆಪ್ಪುಗಟ್ಟಿದ ಚೀಲವನ್ನು 37 ಡಿಗ್ರಿ ಬಿಸಿನೀರಿನ ತೊಟ್ಟಿಯಲ್ಲಿ ಕರಗಿಸಿ, ತಡ ಮಾಡದೆ ಹಾಕಿದರು. ಹಾಕುತ್ತಿದ್ದ ಹಾಗೇ ಗಂಟಲಲ್ಲಿ ಒಂದು ರುಚಿ, ಬೆಳ್ಳುಳ್ಳಿ ಹೆಚ್ಚಾದ ಒಗ್ಗರಣೆಯದು. ಕೋಶಗಳು ಫ್ರೀಜರಿನಲ್ಲಿ ಒಡೆಯದಿರಲಿ ಅಂತ ಸೇರಿಸುವ ಡಿಎಂಎಸ್‌ಓ ಅನ್ನುವ ದ್ರವದ ವಾಸನೆ ಅದು. ಎರಡು ದಿನ ನನ್ನ ಉಸಿರಿನಲ್ಲೂ ಬೆವರಿನಲ್ಲೂ ಇತ್ತು. ಮಗಳು ಪಕ್ಕದಲ್ಲಿ ಮಲಗಿದವಳು ಏನೂ ಅನ್ನದೆ ಕಿಟಕಿ ತೆಗೆದಳು.

ಪಂಚಮಿ ದಿನ ಬೆಂಗಳೂರಿನ ಬಾಡಿಗೆ ಕೋಣೆಯಲ್ಲೇ ಇದ್ದೆವು. ನಮ್ಮ ಕಡೆ ಅಕ್ಕತಂಗಿಯರು ಅಣ್ಣತಮ್ಮಂದಿರ ಬೆನ್ನಿಗೆ ಹಾಲು ತುಪ್ಪ ಹಚ್ಚುತ್ತಾರೆ. ಚಿಕ್ಕಂದಿನಲ್ಲಿ ಅವನು ತಪ್ಪಿಸಿಕೊಂಡು ಓಡುತ್ತಿದ್ದ, ನಾನು ಅಟ್ಟಿಸಿಕೊಂಡು ಹೋಗುತ್ತಿದ್ದೆ. ಅವತ್ತು ಶರ್ಟ್ ತೆಗೆದು ಸುಮ್ನೆ ಬೆನ್ನು ಕೊಟ್ಟು ಕೂತ. ಹೂವಿಗೆ ಕೈ ಹಾಕಬಾರದು, ಹಸಿ ಹಾಲು ಬೇಡ ಅಂತ ನನಗೆ ಕಟ್ಟುನಿಟ್ಟು ಇತ್ತು. ಕಾಯಿಸಿ ಆರಿಸಿದ ಹಾಲನ್ನೇ ಚಮಚದಲ್ಲಿ ಅದ್ದಿ ಬೆನ್ನಿಗೆ ಬಿಟ್ಟೆ. ಅವನ ಬೆನ್ನು ನೋಡುತ್ತಾ ನನ್ನ ಕೈ ನಡುಗಿತು.

ಸೆಪ್ಟೆಂಬರ್ ಕೊನೆಗೆ ಊರಿನಲ್ಲಿದ್ದೆ. ರಾತ್ರಿ ಅಂಗೈ ತುರಿಸಿತು. ಬೆಳಿಗ್ಗೆ ಕಿವಿಯ ಹಿಂದೆ, ಎದೆಯ ಮೇಲೆ ಕೆಂಪು ದದ್ದು. ಬೆಂಗಳೂರಿಗೆ ಹೋಗುವ ಮುಂಚೆ ಒಮ್ಮೆ ತೋರಿಸೋಣ ಅಂತ ಮನೆಯವರು ಹತ್ತಿರದ ಒಂದು ಕ್ಲಿನಿಕ್ಕಿಗೆ ಕರೆದುಕೊಂಡು ಹೋದರು. ಅಲ್ಲಿ ಅಲರ್ಜಿ ಅಂದರು. ಒಂದು ಸ್ಟೀರಾಯ್ಡ್ ಇಂಜೆಕ್ಷನ್ ಬರೆದು ಸಿರಿಂಜ್ ತುಂಬಿಸಿಯೇ ಬಿಟ್ಟರು. ನಾನು ಫೈಲ್ ತೋರಿಸಿದೆ, ಡಿಎಲ್‌ಐ ಅಂತ ಹೇಳಿದೆ. "ಅದಕ್ಕೂ ಇದಕ್ಕೂ ಸಂಬಂಧ ಇಲ್ಲ" ಅಂತ ಉತ್ತರ ಬಂತು. ಬೇಡ ಅಂತ ಎದ್ದು ಬಂದೆ. ಜೀವನದಲ್ಲಿ ಡಾಕ್ಟರ ಮಾತು ಮೀರಿದ್ದು ಅದೇ ಮೊದಲು. ಹೊರಗೆ ಮೆಟ್ಟಿಲ ಮೇಲೆ ಕೂತು ಕೋಆರ್ಡಿನೇಟರ್‌ಗೆ ಫೋಟೋ ಕಳಿಸಿದೆ. ಹತ್ತು ನಿಮಿಷದಲ್ಲಿ ಫೋನ್ ಬಂತು. "ಒಳ್ಳೇದ್ ಮಾಡಿದ್ರಿ. ಈಗ್ಲೇ ಹೊರಡಿ, ರಾತ್ರಿಯಾದ್ರೂ ಪರವಾಗಿಲ್ಲ."

ಸ್ಟೀರಾಯ್ಡ್ ಕೊಡುವುದೇ ತಪ್ಪು ಅಂತಲ್ಲ. ಜಿವಿಎಚ್‌ಡಿ ಜೋರಾದರೆ ಅದೇ ಮೊದಲ ಔಷಧಿ. ಆದರೆ ಅದು ಕ್ಯಾನ್ಸರ್ ಮೇಲೆ ನಡೆಯುತ್ತಿರುವ ಹೋರಾಟವನ್ನೂ ತಣ್ಣಗೆ ಮಾಡುತ್ತದೆ. ಯಾವಾಗ, ಎಷ್ಟು ಅನ್ನುವುದನ್ನು ನಮ್ಮ ಕಥೆ ಪೂರ್ತಿ ಗೊತ್ತಿದ್ದವರೇ ತೀರ್ಮಾನ ಮಾಡಬೇಕು. ನನ್ನ ಚರ್ಮದ ಚೂರು ತೆಗೆದು ಬಯಾಪ್ಸಿ ಮಾಡಿದರು. ಜಿವಿಎಚ್‌ಡಿಯೇ. ಮೊದಲು ಬರೀ ಹಚ್ಚುವ ಮುಲಾಮು. ಎರಡು ವಾರದಲ್ಲಿ ಕೆನ್ನೆಯ ಒಳಗೆ ಬಿಳಿ ಬಲೆಯಂಥ ಗೆರೆಗಳು ಬಂದವು, ಬಾಯಿ ಒಣಗಿತು. ತಿಳಿಸಾರಿನ ಮೆಣಸೂ ಉರಿಯುತ್ತಿತ್ತು. ಅತ್ತೆ ನನಗೆ ಅಂತಲೇ ಖಾರ ಇಲ್ಲದ ಹೆಸರುಬೇಳೆ ತೊವ್ವೆ ಮಾಡಿಡುತ್ತಿದ್ದರು. ಎಂಟು ತಿಂಗಳು ಅದೇ ಊಟ. ಲಿವರ್ ಸಂಖ್ಯೆಗಳು ಏರತೊಡಗಿದಾಗ ಕಮ್ಮಿ ಡೋಸಿನ ಸ್ಟೀರಾಯ್ಡ್ ಮಾತ್ರೆ ಶುರು ಮಾಡಿದರು. ಜೊತೆಗೆ ಫಂಗಸ್‌ಗೆ, ವೈರಸ್‌ಗೆ, ನ್ಯುಮೋನಿಯಾಕ್ಕೆ ಒಂದೊಂದು ತಡೆ ಮಾತ್ರೆ. ಬಿಸಿಲು ತಾಗಿದರೆ ಚರ್ಮ ಕೆರಳುತ್ತದೆ, ಹಾಗಾಗಿ ತುಂಬುತೋಳು, ಕೊಡೆ.

ಅಕ್ಟೋಬರ್ ಮಧ್ಯದಲ್ಲಿ ಮ್ಯಾರೋ ಪರೀಕ್ಷೆ ಆಯಿತು. ಡಾಕ್ಟರು ಸ್ಕ್ರೀನ್ ನನ್ನ ಕಡೆ ತಿರುಗಿಸಿದರು. ಕೈಮೆರಿಸಂ 100. ಎಂಆರ್‌ಡಿ ನೆಗೆಟಿವ್. ಮೈಯೆಲ್ಲಾ ತುರಿಕೆ, ಬಾಯೆಲ್ಲಾ ಉರಿ, ಆದರೂ ನಾನು ಕುರ್ಚಿಯಿಂದ ಎದ್ದು ಅವರ ಕೈ ಹಿಡಿದುಕೊಂಡೆ. "ಮೂರನೇ ಡೋಸ್ ಈಗ ಬೇಡಮ್ಮ" ಅಂದರು. ಜಿವಿಎಚ್‌ಡಿ ಬಂದ ಮೇಲೆ ಮುಂದಿನ ಮೆಟ್ಟಿಲು ಹತ್ತುವುದಿಲ್ಲ.

ಅದೇ ತಿಂಗಳು ಪೇಪರಿನಲ್ಲಿ ನೆಕ್ಸ್‌ಕಾರ್19 ಸುದ್ದಿ ಬಂತು. ಐಐಟಿ ಬಾಂಬೆ ಮತ್ತು ಟಾಟಾ ಮೆಮೋರಿಯಲ್ ಸೇರಿ ಮಾಡಿದ ಕಾರ್ ಟಿ ಚಿಕಿತ್ಸೆಗೆ ಒಪ್ಪಿಗೆ ಸಿಕ್ಕಿತ್ತು. ನೆಂಟರೆಲ್ಲಾ ನನಗೆ ಅದನ್ನು ಕಳಿಸಿದರು, ನಿನಗೂ ಅದನ್ನೇ ಮಾಡಿದ್ದಾ ಅಂತ ಕೇಳಿದರು. ಅಲ್ಲ. ಕಾರ್ ಟಿಯಲ್ಲಿ ಸಾಮಾನ್ಯವಾಗಿ ರೋಗಿಯದೇ ಟಿ ಸೆಲ್ ತೆಗೆದು, ಲ್ಯಾಬಿನಲ್ಲಿ ಅದರ ಜೀನ್ ಬದಲಿಸಿ, ಒಂದು ನಿರ್ದಿಷ್ಟ ಗುರುತನ್ನು ಹಿಡಿಯಲು ಕಲಿಸಿ ವಾಪಸ್ ಹಾಕುತ್ತಾರೆ. ನೆಕ್ಸ್‌ಕಾರ್ ಹುಡುಕುವುದು ಬಿ ಸೆಲ್ ಅನ್ನುವ ಇನ್ನೊಂದು ಬಗೆಯ ಲಿಂಫೋಸೈಟ್ ಮೇಲಿನ ಸಿಡಿ19 ಅನ್ನುವ ಗುರುತು. ಅದು ಬಿ ಸೆಲ್‌ನ ಲ್ಯುಕೀಮಿಯಾ, ಲಿಂಫೋಮಾಗಳಿಗೆ. ಎಎಂಎಲ್‌ಗೆ ಅದು ಆಗಿಬರುವುದಿಲ್ಲ. ನನಗೆ ಹಾಕಿದ್ದು ಏನೂ ಕಲಿಸದ, ತಮ್ಮನ ಮೈಯಲ್ಲಿ ಇದ್ದ ಹಾಗೇ ಇದ್ದ ಕೋಶ.

ನನ್ನ ಜೊತೆಗೇ ಡೇ ಕೇರ್‌ಗೆ ಬರುತ್ತಿದ್ದ ಒಬ್ಬ ಹುಡುಗನಿಗೂ ಅದೇ ವರ್ಷ ಡಿಎಲ್‌ಐ ಆಗಿತ್ತು. ಕೊಟ್ಟವರು ಅವನ ಅಪ್ಪ. ಅವನಿಗೆ ಕಾಯಿಲೆ ನಿಲ್ಲಲಿಲ್ಲ. ದೀಪಾವಳಿಗೆ ಮುಂಚೆ ಹೋಗಿಬಿಟ್ಟ. ಅವನ ಅಮ್ಮ ಈಗಲೂ ನನ್ನ ರಿಪೋರ್ಟ್ ಬಂದ ದಿನ ಫೋನ್ ಮಾಡಿ ಕೇಳುತ್ತಾರೆ. ಚೆನ್ನಾಗಿದೆ ಅಂತ ಹೇಳಲು ನನಗೆ ಗಂಟಲು ಕಟ್ಟುತ್ತದೆ. ಅವರು ಮಾತ್ರ ಪೂರ್ತಿ ಕೇಳಿಕೊಂಡೇ ಫೋನ್ ಇಡುತ್ತಾರೆ.

ಸ್ಟೀರಾಯ್ಡ್ 2024ರ ಮೇ ತಿಂಗಳಲ್ಲಿ ನಿಂತಿತು. ಬಾಯಿ ಬಹುತೇಕ ಸರಿಯಾಗಿದೆ. ಕಣ್ಣು ಒಣಗುವುದು ಮಾತ್ರ ಹೋಗಿಲ್ಲ, ದಿನಕ್ಕೆ ಆರು ಸಲ ಹನಿ ಹಾಕಿಕೊಳ್ಳುತ್ತೇನೆ. ಮಕ್ಕಳಿಗೆ ಹಾಕುವ ಲಸಿಕೆಗಳನ್ನು ಮೊದಲಿಂದ ಹಾಕಿಸಿಕೊಳ್ಳುತ್ತಿದ್ದೇನೆ, ದಡಾರದಂಥ ಜೀವಂತ ಲಸಿಕೆಗಳನ್ನು ಬಿಟ್ಟು. ಅವುಗಳಲ್ಲಿ ಬಲ ಕುಂದಿಸಿದ ಜೀವಂತ ರೋಗಾಣು ಇರುತ್ತದೆ, ದಡಾರದ್ದಕ್ಕೆ ಇನ್ನೂ ಕಾಯಿರಿ ಅಂದಿದ್ದಾರೆ. ಮೂರು ತಿಂಗಳಿಗೊಮ್ಮೆ ಕೈಮೆರಿಸಂ. ಇಲ್ಲಿಯವರೆಗೆ 100.

ಈ ವರ್ಷದ ಪಂಚಮಿಗೆ ಸ್ವಲ್ಪ ಮುಂಚೆ ಬ್ಲಡ್ ಬ್ಯಾಂಕಿನಿಂದ ಫೋನ್ ಬಂತು. ತಮ್ಮನ ಮೂರನೇ ಚೀಲ ಇನ್ನೂ ಫ್ರೀಜರಿನಲ್ಲಿದೆ, ಇಟ್ಟುಕೊಳ್ಳುವ ಅವಧಿ ಮುಗಿಯುತ್ತಿದೆ, ಮುಂದುವರಿಸಬೇಕಾ, ತೆಗೆದುಬಿಡಬೇಕಾ ಅಂತ ಕೇಳಿದರು. ತಮ್ಮ ಎದುರಿಗೇ ಕೂತಿದ್ದ. ನಾನು ಅವನ ಮುಖ ನೋಡಿದೆ.

"ಇಟ್ಕೊಳ್ಳೋಕೆ ಹೇಳಕ್ಕ" ಅಂದ. ಅವತ್ತೇ ದುಡ್ಡು ಕಟ್ಟಿದೆವು.